ಅಟ್ಟದ ಮೇಲಿನ ವಾಲ್ವ್ ಪೋರ್ಟಬಲ್: ಹುಡುಕೋದು, ನೋಡಿ ತಗೊಳ್ಳೋದು, ಮತ್ತೆ ಹಾಡಿಸೋದು

ಹಳೇ ರೇಡಿಯೋ ಅಂದ್ರೆ ನಮ್ಮ ಕಡೆ ಜನಕ್ಕೆ ಎರಡೇ ನೆನಪಾಗೋದು, ಒಂದು ಜಗಲಿ ಮೇಜಿನ ಮೇಲೆ ಕಸೂತಿ ಬಟ್ಟೆ ಹೊದ್ಕೊಂಡು ಕೂತಿರ್ತಿದ್ದ ದೊಡ್ಡ ಮರ್ಫಿನೋ ಫಿಲಿಪ್ಸೋ, ಇನ್ನೊಂದು ಚರ್ಮದ ಕವರ್ ಹಾಕಿ ತೋಟಕ್ಕೆ ಒಯ್ತಿದ್ದ ಟ್ರಾನ್ಸಿಸ್ಟರ್. ಇವೆರಡರ ಮಧ್ಯ ಇನ್ನೊಂದು ಜಾತಿ ಇತ್ತು, ಒಳಗೆ ಗಾಜಿನ ವಾಲ್ವು (ಟ್ರಾನ್ಸಿಸ್ಟರ್ ಬರೋ ಮೊದಲು ಅದರ ಕೆಲಸ ಮಾಡ್ತಿದ್ದ ಬಲ್ಬಿನಂಥ ಕೊಳವೆ), ಮೇಲೆ ಹಿಡಿಕೆ, ಕರೆಂಟಿಲ್ಲದೆ ಬ್ಯಾಟರಿ ಮೇಲೆ ನಡೆಯೋದು, ಕೈಯಲ್ಲಿ ಹಿಡ್ಕೊಂಡು ಬೇಕಾದಲ್ಲಿ ಹೋಗ್ಬಹುದು, ಅದೇ ವಾಲ್ವ್ ಪೋರ್ಟಬಲ್. ನಾನು ಹತ್ತು ಹನ್ನೆರಡು ವರ್ಷದಿಂದ ಇದನ್ನೇ ಹುಡುಕ್ತಾ ಇದ್ದೇನೆ, ಮನೆ ಕಾರವಾರದ ಕೋಡಿಬಾಗ, ಅಜ್ಜನ ಮನೆ ಶಿರಸಿ ಹತ್ರ, ಹಂಗಾಗಿ ಘಟ್ಟದ ಮೇಲೂ ಕೆಳಗೂ ಎರಡೂ ಕಡೆ ಅಟ್ಟ ಹತ್ತಿದ್ದೇನೆ. ಈಗೀಗ ತುಂಬ ಜನ ಕೇಳ್ತಾರೆ, ನಮಗೂ ಒಂದು ಬೇಕು, ಹೆಂಗೆ ಶುರು ಮಾಡೋದು ಅಂತ, ಅದಕ್ಕೆ ನಂಗೆ ಗೊತ್ತಿದ್ದಷ್ಟನ್ನ ಮೊದಲಿಂದ ಕೊನೆವರೆಗೆ ಒಂದೇ ಕಡೆ ಬರೀತಾ ಇದ್ದೇನೆ.

ಉಳಿದದ್ದೆಲ್ಲ ಮರೆತ್ರೂ ಒಂದು ಮಾತು ಮಾತ್ರ ನೆನಪಿಟ್ಕೊಳ್ಳಿ, ಸೆಟ್ ಮನೆಗೆ ತಂದ ದಿನ ಅದಕ್ಕೆ ಪವರ್ ಕೊಡಬೇಡಿ. ಎಷ್ಟೇ ಆಸೆ ಆದ್ರೂ. ಅರವತ್ತು ಎಪ್ಪತ್ತು ವರ್ಷ ಅಟ್ಟದ ಮೇಲೆ ಕೆಡದೆ ಉಳಿದ ರೇಡಿಯೋ ಸಾಯೋದು ಹೆಚ್ಚಾಗಿ ನಮ್ಮ ಕೈಗೆ ಬಂದ ಮೊದಲ ಹತ್ತು ನಿಮಿಷದಲ್ಲಿ.

ಮೊದಲು ವಸ್ತು ಯಾವುದು ಅಂತ ತಿಳ್ಕೊಳ್ಳಿ

ಮೇಜಿನ ವಾಲ್ವ್ ರೇಡಿಯೋಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಫಿಲಮೆಂಟಿನದ್ದು, ಅಂದ್ರೆ ವಾಲ್ವಿನೊಳಗೆ ಬಿಸಿಯಾಗೋ ತಂತಿಯದ್ದು. ಪೋರ್ಟಬಲ್‌ನ ವಾಲ್ವಿನ ಫಿಲಮೆಂಟಿಗೆ 1.4 ವೋಲ್ಟ್ ಸಾಕು, ಹೆಚ್ಚಿನವು ಬರೀ 50 ಮಿಲಿಆಂಪ್ ತಗೊಳ್ತವೆ. ತಲೆಕೂದಲಿಗಿಂತ ಎಷ್ಟೋ ಸಣ್ಣ ತಂತಿ ಅದು, ಉರೀತಾ ಇದ್ರೂ ಹಗಲಲ್ಲಿ ಕಣ್ಣಿಗೆ ಕಾಣೋದಿಲ್ಲ, ಕತ್ತಲೆ ಕೋಣೆಯಲ್ಲಿ ಹತ್ತಿರ ಬಗ್ಗಿ ನೋಡಿದ್ರೆ ಒಂದು ಕೆಂಪು ಎಳೆ. ಇದರಿಂದ ಒಂದು ಚಂದ ಏನಂದ್ರೆ ಸ್ವಿಚ್ ಒತ್ತಿದ ಕೂಡ್ಲೆ ಹಾಡು ಬರ್ತದೆ, ಮೇಜಿನ ಸೆಟ್ ತರ ಬಿಸಿ ಆಗೋವರೆಗೆ ಕಾಯೋದು ಬೇಡ.

ಎರಡು ಬ್ಯಾಟರಿ ಬೇಕು. ಫಿಲಮೆಂಟಿಗೆ ಹೋಗೋದು ಎ ಬ್ಯಾಟರಿ, ಸಾಮಾನ್ಯವಾಗಿ ಒಂದೂವರೆ ವೋಲ್ಟು, ಕೆಲವು ಸೆಟ್ಟಲ್ಲಿ ಫಿಲಮೆಂಟನ್ನ ಸಾಲಾಗಿ ಜೋಡಿಸಿ ಏಳೂವರೆ ಅಥವಾ ಒಂಬತ್ತು. ಪ್ಲೇಟಿಗೆ (ವಾಲ್ವಿನೊಳಗೆ ಹೆಚ್ಚು ವೋಲ್ಟ್ ಬೇಕಾದ ತಗಡಿಗೆ) ಹೋಗೋದು ಬಿ ಬ್ಯಾಟರಿ, ಸಣ್ಣ ಸೆಟ್ಟಿಗೆ 67.5 ವೋಲ್ಟ್, ದೊಡ್ಡದಕ್ಕೆ 90. ಹಳೇ ಮೆಕ್ಯಾನಿಕ್‌ಗಳು ಡ್ರೈ ಬ್ಯಾಟರಿ ಸೆಟ್ ಅಂತಿದ್ದದ್ದು ಇದೇ ಏರ್ಪಾಡಿಗೆ. ಕರೆಂಟ್ ಬರದ ಊರು ನಮ್ಮಲ್ಲಿ ಎಷ್ಟು ಇದ್ದವು ಅಂತ ಹೇಳೋದೇ ಬೇಡ, ಅಡಿಕೆ ಮಾರಿದ ದುಡ್ಡಲ್ಲಿ ಡ್ರೈ ಬ್ಯಾಟರಿ ಸೆಟ್ ತಂದ ಮನೆಗಳು ಸಿದ್ದಾಪುರ ಯಲ್ಲಾಪುರ ಕಡೆ ಈಗ್ಲೂ ಹುಡುಕಿದ್ರೆ ಸಿಗ್ತವೆ, ಅದ್ರಲ್ಲಿ ಹೆಚ್ಚಿನವು ಮೇಜಿನ ಮೇಲಿನವು, ಹಿಡಿಕೆ ಇರೋದು ಹತ್ತಕ್ಕೆ ಒಂದೂ ಕಷ್ಟ. ಅದಕ್ಕೇ ಈ ಹುಡುಕಾಟಕ್ಕೆ ತಾಳ್ಮೆ ಬೇಕು ಅನ್ನೋದು.

ಕಾಲ ಗೊತ್ತು ಮಾಡ್ಕೊಳ್ಳೋದು ಹೀಗೆ. 1920ರ ದಶಕದಲ್ಲೇ ಅಮೆರಿಕದಲ್ಲಿ ಪೋರ್ಟಬಲ್ ಬಂದಿತ್ತು, ಆರ್‌ಸಿಎ ಕಂಪನಿಯ ರೇಡಿಯೋಲಾ 26 ಅಂತ 1925ರದ್ದು, ಮರದ ಪೆಟ್ಟಿಗೆ, ಬಾಗಿಲಲ್ಲೇ ಲೂಪ್ ಆಂಟೆನಾ (ತಂತಿ ಸುತ್ತಿ ಮಾಡಿದ್ದು), ಒಳಗೆ 199 ಅನ್ನೋ ವಾಲ್ವು, ಎತ್ತೋಕೆ ಗಟ್ಟಿ ರಟ್ಟೆ ಬೇಕು. ಅಂಥದ್ದು ನಮ್ಮ ಜಿಲ್ಲೆಯಲ್ಲಿ ನಾನು ಒಂದೂ ಕಂಡಿಲ್ಲ. ನಿಜವಾದ ಪೋರ್ಟಬಲ್ ಸುಗ್ಗಿ ಶುರು ಆದದ್ದು 1938ರ ಹೊತ್ತಿಗೆ 1.4 ವೋಲ್ಟಿನ ದೊಡ್ಡ ಆಕ್ಟಲ್ (ಎಂಟು ಪಿನ್ನಿನ ಬುಡದ) ವಾಲ್ವು ಬಂದ ಮೇಲೆ, 1ಎ7, 1ಎನ್5, 1ಎಚ್5 ಅಂತೆಲ್ಲ ಹೆಸರು. ಸೂಟ್‌ಕೇಸ್ ತರ ಬಟ್ಟೆ ಅಂಟಿಸಿದ ಪೆಟ್ಟಿಗೆ ಕಂಡ್ರೆ ಅದು ಆ ಹೊತ್ತಿನದ್ದು ಅಂತ ಮೊದಲ ಅಂದಾಜು ಮಾಡ್ಬಹುದು. 1940ರಲ್ಲಿ ಆರ್‌ಸಿಎ ಬಿಪಿ-10 ಅಂತ ಒಂದು ಪುಟ್ಟ ಸೆಟ್ ತಂತು, ಕಿರುಬೆರಳಿನಷ್ಟು ಉದ್ದದ ಏಳು ಪಿನ್ನಿನ ಮಿನಿಯೇಚರ್ ವಾಲ್ವ್ ಅದ್ರಲ್ಲಿ. 1ಆರ್5, 1ಟಿ4, 1ಎಸ್5, 3ಎಸ್4, ಈ ನಾಲ್ಕು ಹೆಸರು ಬಾಯಿಪಾಠ ಮಾಡ್ಬಿಡಿ, ಎರಡನೇ ಮಹಾಯುದ್ಧ ಮುಗಿದ ಮೇಲಿನ ಅರ್ಧಕ್ಕರ್ಧ ಸೆಟ್ಟಲ್ಲಿ ಇವೇ ಇರ್ತವೆ. ಯುರೋಪಿನ ಸೆಟ್ಟಲ್ಲಿ ಅದೇ ವಾಲ್ವುಗಳಿಗೆ ಡಿಕೆ91, ಡಿಎಫ್91, ಡಿಎಎಫ್91, ಡಿಎಲ್92 ಅಂತ ಹೆಸರು, ಒಂದರ ಬದಲು ಇನ್ನೊಂದು ಹಾಕ್ಬಹುದು. ಆಮೇಲೆ 1950ರ ದಶಕದಲ್ಲಿ 96 ಸೀರೀಸ್ ಬಂತು, ಡಿಕೆ96 ಇತ್ಯಾದಿ, ಅದರ ಫಿಲಮೆಂಟಿಗೆ 25 ಮಿಲಿಆಂಪ್ ಸಾಕು. 91ರ ಜಾಗಕ್ಕೆ 96 ಸುಮ್ಮನೆ ತುರುಕಬೇಡಿ, ಫಿಲಮೆಂಟ್ ಸಾಲಾಗಿರೋ ಸೆಟ್ಟಲ್ಲಂತೂ ಎಲ್ಲಾ ಲೆಕ್ಕ ತಪ್ಪಿ ಹೋಗ್ತದೆ. 1954ರ ಅಕ್ಟೋಬರ್‌ನಲ್ಲಿ ರೀಜೆನ್ಸಿ ಟಿಆರ್-1 ಅನ್ನೋ ಟ್ರಾನ್ಸಿಸ್ಟರ್ ರೇಡಿಯೋ ಬಂತು, ಅಲ್ಲಿಂದ ಕೆಲವೇ ವರ್ಷದಲ್ಲಿ ವಾಲ್ವ್ ಪೋರ್ಟಬಲ್ ಕಾಲ ಮುಗೀತು.

ಎಲ್ಲರೂ ಕನಸು ಕಾಣೋ ಸೆಟ್ ಜೆನಿತ್ ಟ್ರಾನ್ಸ್-ಓಶಿಯಾನಿಕ್. 1942ರ ಜನವರಿಯಲ್ಲಿ ಬಂತು, ಯುದ್ಧದ ಕಾರಣ ಕೆಲವೇ ತಿಂಗಳಲ್ಲಿ ತಯಾರಿ ನಿಂತಿತು, ಮತ್ತೆ 1946ರಿಂದ ಶುರು. ಶಾರ್ಟ್ ವೇವ್ ಬ್ಯಾಂಡ್ ಒಂದೊಂದಕ್ಕೂ ಬೇರೆ ಬಟನ್, ರೈಲಿನ ಕಿಟಕಿ ಗಾಜಿಗೆ ಅಂಟಿಸೋಕೆ ಬಿಚ್ಚಿ ತೆಗೆಯೋ ಆಂಟೆನಾ. ಯುದ್ಧ ಮುಗಿದ ಮೇಲಿನ ಜಿ500, ಎಚ್500, 600 ಸೀರೀಸ್ ಇವುಗಳನ್ನ ತಗೊಳ್ಳೋರು ಮೊದಲು ನೋಡ್ಬೇಕಾದ್ದು 1ಎಲ್6 ಅನ್ನೋ ವಾಲ್ವ್ ಇದೆಯಾ ಇಲ್ವಾ ಅಂತ. ಅದೊಂದು ಸಿಗೋದು ಕಷ್ಟ, ಸಿಕ್ರೂ ರೇಟ್ ಜಾಸ್ತಿ, ಆ ಒಂದು ವಾಲ್ವ್ ಇಲ್ದಿದ್ರೆ ಸೆಟ್ಟಿನ ಬೆಲೆಯನ್ನ ಅಷ್ಟೇ ಇಳಿಸಿ ಮಾತಾಡಿ.

ಆದ್ರೆ ಹೊಸಬರಿಗೆ ನಾನು ಹೇಳೋದು ಜೆನಿತ್ ಅಲ್ಲ. ಇಂಗ್ಲೆಂಡಿನ ಎವರ್ ರೆಡಿ ಅಥವಾ ವಿಡೋರ್, ನಾಲ್ಕು ವಾಲ್ವಿನದ್ದು, ಬರೀ ಬ್ಯಾಟರಿ ಮೇಲೆ ನಡೆಯೋದು. ಒಳಗೆ ಜಾಗ ಇರ್ತದೆ, ಕೈ ಆಡ್ತದೆ, ವಯರಿಂಗ್ ಸರಳ. ಕಲಿಯೋಕೆ ಅದಕ್ಕಿಂತ ಒಳ್ಳೇ ಸೆಟ್ ಇಲ್ಲ. ಜರ್ಮನಿಯ ಗ್ರುಂಡಿಗ್ ಬಾಯ್, ಟೆಲಿಫುಂಕನ್ ಬಜಾಜೋ ಕೂಡ ಸಿಗೋದುಂಟು, ನೋಡೋಕೆ ಬಹಳ ಚಂದ, ಒಳಗೆ ಮಾತ್ರ ಗಿಜಿಗಿಜಿ.

ಎಲ್ಲಿ ಹುಡುಕೋದು

ಕಾರವಾರದವರಿಗೆ ಒಂದು ಅನುಕೂಲ ಇದೆ, ಪಕ್ಕದಲ್ಲೇ ಗೋವಾ. 1961ರ ಡಿಸೆಂಬರ್‌ವರೆಗೆ ಅದು ಪೋರ್ಚುಗೀಸರ ಕೈಯಲ್ಲಿತ್ತು, ಹೊರಗಿನ ಸಾಮಾನು ಅಲ್ಲಿ ಸಲೀಸಾಗಿ ಸಿಗ್ತಿತ್ತು. ಮಾಜಾಳಿ, ಸದಾಶಿವಗಡ ಕಡೆ ಹಳೇ ಮನೆಯಲ್ಲಿ ಜರ್ಮನ್ ಸೆಟ್ ಕಂಡ್ರೆ ನಂಗೆ ಈಗ ಆಶ್ಚರ್ಯ ಆಗೋದಿಲ್ಲ. ಹಡಗಿನಲ್ಲಿ ಕೆಲಸ ಮಾಡಿದವರ ಮನೆ, ಮುಂಬೈಯಲ್ಲಿ ಇದ್ದು ರಿಟೈರ್ ಆಗಿ ಬಂದವರ ಮನೆ, ಇವೆರಡು ಕಡೆ ಕೇಳಿ ನೋಡಿ. ಭಾನುವಾರದ ಸಂತೆಯಲ್ಲಿ ಹಳೇ ಸಾಮಾನು ಹರಡ್ಕೊಂಡು ಕೂರೋರಿದ್ರೆ ಬೆಳಿಗ್ಗೆ ಬೇಗ ಹೋಗಿ ಒಂದು ಕಣ್ಣು ಹಾಯ್ಸಿ. ಗುಜರಿ ಅಂಗಡಿಯವರಿಗೆ ಹೇಳಿಟ್ಟಿರಿ, ರೇಡಿಯೋ ಬಂದ್ರೆ ಒಡೀಬೇಡಿ, ತಾಮ್ರ ತೂಕಕ್ಕೆ ಹಾಕಬೇಡಿ, ನಂಗೊಂದು ಫೋನ್ ಮಾಡಿ ಅಂತ. ಅವರು ಒಡೆಯೋದು ಒಳಗಿನ ಟ್ರಾನ್ಸ್‌ಫಾರ್ಮರಿನ ತಾಮ್ರಕ್ಕೆ, ಅದ್ರಲ್ಲಿ ಸಿಗೋದು ಒಂದು ಮುಷ್ಟಿನೂ ಇಲ್ಲ.

ಘಟ್ಟದ ಮೇಲೆ ಬೇರೆ ಕ್ರಮ. ಅಲ್ಲಿ ಯಾರೂ ಮಾರೋಕೆ ಇಡೋದಿಲ್ಲ, ನಾಗಂದಿಗೆ (ಗೋಡೆ ಹಲಗೆ) ಮೇಲೋ ಮೆತ್ತಿನ (ಮಹಡಿ) ಮೇಲೋ ಅಜ್ಜನ ಕಾಲದಿಂದ ಕೂತಿರ್ತದೆ, ಮನೆಯವರಿಗೇ ಮರೆತು ಹೋಗಿರ್ತದೆ. ಹೋಗಿ ಕವಳ (ಎಲೆಅಡಿಕೆ) ಹಾಕ್ಕೊಂಡು ಕೂತು ಮಾತಾಡ್ಬೇಕು, ಮೊದಲ ಭೇಟಿಯಲ್ಲೇ ದುಡ್ಡಿನ ಮಾತು ಎತ್ತಬಾರ್ದು. ಹಳೇ ಮನೆ ಕೆಡವಿ ಹೊಸದು ಕಟ್ತಾರೆ ಅಂತ ಸುದ್ದಿ ಸಿಕ್ಕಿದ್ರೆ ತಕ್ಷಣ ಹೋಗಿ, ಆ ವಾರದಲ್ಲೇ ಎಲ್ಲಾ ಹೊರಗೆ ಬೀಳೋದು. ಹಾಂ, ಮನೆಯವರು ಕೊಟ್ರೆ ಅದರ ಜೊತೆ ಲೈಸೆನ್ಸ್ ಪುಸ್ತಕನೂ ಕೇಳಿ. ಆಗ ರೇಡಿಯೋ ಇಟ್ಕೊಳ್ಳೋಕೆ ಪೋಸ್ಟ್ ಆಫೀಸಲ್ಲಿ ವರ್ಷಾ ವರ್ಷಾ ದುಡ್ಡು ಕಟ್ಟಿ ಲೈಸೆನ್ಸ್ ಮಾಡಿಸ್ಬೇಕಿತ್ತು, 1980ರ ದಶಕದಲ್ಲಿ ಅದು ರದ್ದಾಯ್ತು. ಆ ಸಣ್ಣ ಪುಸ್ತಕದಲ್ಲಿ ಯಜಮಾನರ ಹೆಸರು, ಊರು, ಸೆಟ್ಟಿನ ಮೇಕು ಎಲ್ಲಾ ಇರ್ತದೆ, ಪೋಸ್ಟಿನ ಸೀಲು ವರ್ಷಕ್ಕೊಂದರಂತೆ. ನನ್ನ ಹತ್ರ ಇರೋ ಒಂದ್ರಲ್ಲಿ ಹದಿನಾಲ್ಕು ವರ್ಷದ ಸೀಲುಗಳಿವೆ, ರೇಡಿಯೋಕ್ಕಿಂತ ಅದನ್ನೇ ನಾನು ಜಾಸ್ತಿ ಜೋಪಾನ ಮಾಡೋದು. ಮನೆಯವರು ಕೊಡೋದಿಲ್ಲ ಅಂದ್ರೆ ಒಂದು ಫೋಟೋ ತೆಕ್ಕೊಂಡು ಪ್ರಿಂಟ್ ಹಾಕಿ ಸೆಟ್ಟಿನ ಒಳಗಿಡಿ.

ಊರಲ್ಲಿ ಸಿಗ್ಲಿಲ್ಲ ಅಂದ್ರೆ ಮುಂಬೈ ಚೋರ್ ಬಜಾರ್ ಇದೆ, ಬೆಂಗಳೂರಲ್ಲಿ ಸಂಡೇ ಬಜಾರ್ ಇದೆ. ಅಲ್ಲಿ ರೇಟು ಬೇರೆ, ಮತ್ತೆ ಹೊರಗಿಂದ ಪಾಲಿಶ್ ಹಾಕಿ ಒಳಗೆ ಎಫ್‌ಎಂ ಬೋರ್ಡು ಕೂರಿಸಿದ ಸೆಟ್ಟುಗಳೂ ಇರ್ತವೆ. ಹಿಂದಿನ ಮುಚ್ಚಳ ತೆಗೆಯೋಕೆ ಬಿಡದ ಅಂಗಡಿಯಲ್ಲಿ ತಗೊಳ್ಳಬೇಡಿ.

ಸೆಟ್ ಎದುರಿಗಿದ್ದಾಗ ಏನೇನು ನೋಡ್ಬೇಕು

ಕಿಸೆಯಲ್ಲಿ ಟಾರ್ಚು, ಸಣ್ಣ ಸ್ಕ್ರೂಡ್ರೈವರು, ಡಿಜಿಟಲ್ ಮಲ್ಟಿಮೀಟರು. ಮುಚ್ಚಳ ತೆಗೆದ ಕೂಡ್ಲೆ ಮೊದಲು ಮೂಸಿ ನೋಡಿ. ಇಲಿ ಉಚ್ಚೆ ವಾಸನೆ ಬಂದ್ರೆ ಒಳಗಿನ ತಗಡು ತಿಂದು ಹೋಗಿರ್ತದೆ, ಐಎಫ್ ಟ್ರಾನ್ಸ್‌ಫಾರ್ಮರ್ (ಸ್ಟೇಷನ್ ಬೇರ್ಪಡಿಸೋ ಸುರುಳಿ) ಡಬ್ಬಿ ಒಳಗೂ ಹೋಗಿದ್ರೆ ಕೈ ಬಿಡಿ.

ಘಟ್ಟದ ಮೇಲಿನ ಸೆಟ್ಟಿಗೂ ಕರಾವಳಿ ಸೆಟ್ಟಿಗೂ ರೋಗ ಬೇರೆ ಬೇರೆ, ಇದನ್ನ ಗೊತ್ತು ಮಾಡ್ಕೊಳ್ಳೋಕೆ ನಂಗೆ ಸುಮಾರು ವರ್ಷ ಹಿಡೀತು. ಅಡುಗೆ ಒಲೆ ಹೊಗೆ ಹೋಗೋ ಅಟ್ಟದಲ್ಲಿದ್ದ ಸೆಟ್ ಹೊರಗಿಂದ ನೋಡಿದ್ರೆ ಬೇಡವೇ ಬೇಡ ಅನ್ನಿಸ್ತದೆ, ಮಸಿ ಮೆತ್ತಿ ಡಯಲ್ ಅಕ್ಷರನೂ ಕಾಣೋದಿಲ್ಲ, ಆದ್ರೆ ಆ ಹೊಗೆನೇ ಅದನ್ನ ಮಳೆಗಾಲದ ತೇವದಿಂದ ಕಾಪಾಡಿರ್ತದೆ, ಮಸಿ ಒರೆಸಿದ್ರೆ ಒಳಗೆ ತಂತಿ ಬೆಸುಗೆ ಎಲ್ಲಾ ಹೊಳೀತಾ ಇರ್ತವೆ. ಕರಾವಳಿದು ಉಲ್ಟಾ. ಶೋಕೇಸಲ್ಲಿ ಇಟ್ಟು ಒರೆಸಿ ಒರೆಸಿ ಹೊರಗೆ ಚಂದ ಇಟ್ಟಿರ್ತಾರೆ, ಉಪ್ಪುಗಾಳಿ ಒಳಗೆ ತನ್ನ ಕೆಲಸ ಮಾಡಿರ್ತದೆ. ಅಂಕೋಲಾದಲ್ಲಿ ಒಂದು ಕೆನೆ ಬಣ್ಣದ ಸೆಟ್, ನೋಡಿದ್ರೆ ನಿನ್ನೆ ಅಂಗಡಿಯಿಂದ ತಂದ ಹಂಗಿತ್ತು, ನಾನು ಹೊರಗಿನ ಚಂದಕ್ಕೆ ಸೋತು ಹೇಳಿದ ರೇಟು ಕೊಟ್ಟು ತಂದೆ. ಸ್ಪೀಕರಿಗೆ ಸಿಗ್ನಲ್ ಕೊಡೋ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಕೂದಲಿನಂಥ ತಂತಿ ಹಸಿರು ಪುಡಿ ಆಗಿ ಕಟ್ಟಾಗಿತ್ತು, ಲೂಪ್ ಆಂಟೆನಾದ ತುದಿನೂ ಹಂಗೇ. ಅದಕ್ಕೇ ಕರಾವಳಿ ಸೆಟ್ ಅಂದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಪ್ರೈಮರಿಗೆ (ವಾಲ್ವಿನ ಕಡೆಯ ಸುರುಳಿಗೆ) ಮೀಟರ್ ಹಚ್ಚಿ ನೋಡಿ, ಕೆಲವು ನೂರು ಓಮ್ ತೋರಿಸ್ಬೇಕು, ಏನೂ ತೋರಿಸ್ಲಿಲ್ಲ ಅಂದ್ರೆ ಅದು ಹೋಗಿದೆ.

ಆಮೇಲೆ ವಾಲ್ವ್. ನಿಧಾನಕ್ಕೆ ಅಲ್ಲಾಡಿಸದೆ ನೇರ ಮೇಲಕ್ಕೆ ಎಳೀಬೇಕು, ಗಾಜಿನ ಮೇಲೆ ಬರೆದ ನಂಬರ್ ಬೆರಳು ತಾಗಿದ್ರೇ ಅಳಿಸಿ ಹೋಗ್ತದೆ, ಮೊದಲೇ ಫೋಟೋ ತೆಕ್ಕೊಳ್ಳಿ. ಯಾವ ವಾಲ್ವ್ ಯಾವ ಸಾಕೆಟ್ಟಿಂದ ಬಂತು ಅಂತ ಚೀಟಿ. ಮೇಲೆ ಹೇಳಿದ ಮಿನಿಯೇಚರ್ ವಾಲ್ವಲ್ಲಿ ಫಿಲಮೆಂಟ್ ಇರೋದು 1 ಮತ್ತು 7ನೇ ಪಿನ್ ಮಧ್ಯ, ಡಿಜಿಟಲ್ ಮೀಟರಲ್ಲಿ ಕಂಟಿನ್ಯುಟಿ ಬಂದ್ರೆ ಫಿಲಮೆಂಟ್ ಜೀವಂತ. ಹಳೇ ಮುಳ್ಳಿನ ಮೀಟರ್ ಬೇಡ, ಕೆಲವು ಮೀಟರು ಕಡಿಮೆ ಓಮ್ ರೇಂಜಲ್ಲಿ ಬಿಡೋ ಕರೆಂಟೇ ಈ ಫಿಲಮೆಂಟಿಗೆ ಜಾಸ್ತಿ ಆಗ್ತದೆ. ಗಾಜಿನ ತುದಿಯ ಬೆಳ್ಳಿ ಬಣ್ಣ ಹಾಲಿನಂಗೆ ಬೆಳ್ಳಗಾಗಿದ್ರೆ ಒಳಗೆ ಗಾಳಿ ಹೋಗಿದೆ ಅಂತರ್ಥ, ಆ ವಾಲ್ವ್ ಕೆಲಸಕ್ಕಿಲ್ಲ.

ವಾಲ್ವ್ ಇಲ್ಲ ಅಂದ್ರೆ ಹೆದರಬೇಡಿ, 1ಟಿ4, 1ಎಸ್5 ಈಗ್ಲೂ ಹುಡುಕಿದ್ರೆ ಸಿಗ್ತವೆ. ಸಿಗದೇ ಇರೋದು ನಾಬ್, ಡಯಲ್, ಹಿಡಿಕೆ, ಹಿಂದಿನ ಮುಚ್ಚಳ. ಇದನ್ನ ಹೊಸಬರು ಉಲ್ಟಾ ಯೋಚನೆ ಮಾಡ್ತಾರೆ. ನಾಲ್ಕೂ ವಾಲ್ವ್ ಹೋಗಿ ಪೆಟ್ಟಿಗೆ ಪೂರ್ತಿ ಇರೋ ಸೆಟ್ಟು, ನಾಲ್ಕೂ ವಾಲ್ವ್ ಇದ್ದು ಪೆಟ್ಟಿಗೆ ಒಡೆದ ಸೆಟ್ಟಿಗಿಂತ ಒಳ್ಳೇದು, ನಾನಂತೂ ಯಾವಾಗ್ಲೂ ಮೊದಲನೇದನ್ನೇ ತರೋದು.

ಕರೆಂಟಿನ ವಯರ್ ಇದ್ರೆ

ಕೆಲವು ಸೆಟ್ಟಿಗೆ ಮೂರು ದಾರಿ, ಎಸಿ, ಡಿಸಿ, ಬ್ಯಾಟರಿ. ಅಮೆರಿಕದ್ದಾದ್ರೆ 117 ವೋಲ್ಟಿಗೆ ಮಾಡಿದ್ದು, ನಮ್ಮದು 230. ಪ್ಲಗ್ ಹಾಕಿದ್ರೆ ಒಂದು ಟಿಕ್ ಅನ್ನೋ ಸದ್ದು ಅಷ್ಟೇ ಕೇಳೋದು, ಫಿಲಮೆಂಟ್ ಎಲ್ಲಾ ಮುಗೀತು. ಬರೀ ವೋಲ್ಟೇಜಿನ ವಿಷಯ ಅಲ್ಲ, ಈ ಸೆಟ್ಟುಗಳಲ್ಲಿ ತಗಡಿನ ಚಾಸಿಗೂ ಲೈನಿಗೂ ಮಧ್ಯ ಟ್ರಾನ್ಸ್‌ಫಾರ್ಮರ್ ಇರೋದಿಲ್ಲ, ನಾಬ್ ಬಿಚ್ಚಿದ ಕಡ್ಡಿ ಮುಟ್ಟಿದ್ರೂ ಶಾಕ್ ಹೊಡೀತದೆ, ಪ್ರಾಣಕ್ಕೇ ಅಪಾಯ. ಮತ್ತೆ ಸೆಟ್ ಆನ್ ಇದ್ದಾಗ ಒಂದು ವಾಲ್ವ್ ಎಳೆದು ಪುನಃ ಹಾಕಿದ್ರೆ ಕಂಡೆನ್ಸರಲ್ಲಿ ತುಂಬಿದ ಚಾರ್ಜ್ ಒಮ್ಮೆಲೇ ಇಳಿದು ಉಳಿದ ಫಿಲಮೆಂಟನ್ನೂ ಸುಡ್ತದೆ. ನನ್ನ ಸಲಹೆ ಕೇಳಿದ್ರೆ ಮೊದಲ ಸೆಟ್ಟಲ್ಲಿ ಕರೆಂಟಿನ ಕಡೆ ತಿರುಗಿನೂ ನೋಡಬೇಡಿ, ವಯರನ್ನ ಸುತ್ತಿ ಕಟ್ಟಿಡಿ, ಬ್ಯಾಟರಿ ಮೇಲೇ ಹಾಡಿಸಿ. ಕತ್ತರಿಸಬೇಡಿ, ಅದೂ ಹಳೇದೇ.

ಒರೆಸೋದು

ಒಣ ಬ್ರಶ್ ಮೊದಲು, ಬಣ್ಣ ಹಚ್ಚೋ ಮೆತ್ತಗಿನ ಬ್ರಶ್ಶೇ ಸಾಕು. ಕುಂಬಾರ ಹುಳದ ಮಣ್ಣಿನ ಗೂಡು ನಮ್ಮ ಕಡೆ ಪ್ರತಿ ಸೆಟ್ಟಲ್ಲೂ ಇರ್ತದೆ, ಅದನ್ನ ನೀರು ಮುಟ್ಟಿಸದೆ ಬಿದಿರು ಕಡ್ಡಿಯಿಂದ ನಿಧಾನಕ್ಕೆ ಎಬ್ಬಿಸಿ, ಸ್ಟೇಷನ್ ಹಿಡಿಯೋಕೆ ತಿರುಗೋ ಗ್ಯಾಂಗ್ ಕಂಡೆನ್ಸರಿನ ಎಲೆ ಮಧ್ಯ ಇದ್ರೆ ಎಲೆ ಬಗ್ಗದ ಹಾಗೆ ಇನ್ನೂ ನಿಧಾನ. ಸ್ಪೀಕರ್ ಕಾಗದಕ್ಕೆ ಒದ್ದೆ ಬಟ್ಟೆ ತಾಗಿಸಬೇಡಿ. ಡಯಲ್ ಗಾಜಿನ ಒಳಮುಖ ಮುಟ್ಟಲೇಬೇಡಿ, ಅಕ್ಷರ ಬರೆದಿರೋದು ಅಲ್ಲೇ, ಒಂದು ಸಲ ಒದ್ದೆ ಬಟ್ಟೆ ಎಳೆದ್ರೆ ಧಾರವಾಡ, ಬಾಂಬೆ, ಸಿಲೋನ್ ಎಲ್ಲಾ ಒಟ್ಟಿಗೆ ಬಟ್ಟೆಗೆ ಬಂದ್ಬಿಡ್ತದೆ. ಹೊರಗಿನ ಮಸಿಗೆ ಸೋಪಿನ ನೊರೆ, ನೀರಲ್ಲ ಬರೀ ನೊರೆ, ಹತ್ತಿಯಲ್ಲಿ ತೆಗೆದು ಒಂದು ಅಂಗೈ ಅಗಲ ಒರೆಸೋದು ಒಣಗಿಸೋದು.

ಹಳೇ ಬ್ಯಾಟರಿ ಒಳಗೇ ಸೋರಿದ್ರೆ ಬಿಳಿ ಹಸಿರು ಉಪ್ಪು ಕಟ್ಟಿರ್ತದೆ. ಆ ಕಾಲದ್ದು ಜಿಂಕ್ ಕಾರ್ಬನ್ ಸೆಲ್, ಸೋರೋದು ಹುಳಿ ಗುಣದ್ದು, ಅಡುಗೆ ಸೋಡಾ ನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸಿ, ಮತ್ತೆ ಬರೀ ಒದ್ದೆ ಬಟ್ಟೆ, ಮತ್ತೆ ಬಿಸಿಲಲ್ಲ ನೆರಳಲ್ಲಿ ಎರಡು ದಿನ. ಬ್ಯಾಟರಿಯ ರಟ್ಟಿನ ಪೆಟ್ಟಿಗೆ ಚೆನ್ನಾಗಿದ್ರೆ ಬಿಸಾಡಬೇಡಿ, ಅದರ ಉಪಯೋಗ ಮುಂದೆ ಹೇಳ್ತೇನೆ.

ಮೇಣದ ಕಂಡೆನ್ಸರ್

ಸೆಟ್ಟಿನ ಹೊಟ್ಟೆ ಒಳಗೆ ಬೀಡಿ ತುಂಡಿನಂಥ ಕಂದು ಬಣ್ಣದ ಮೇಣ ಮೆತ್ತಿದ ಕೊಳವೆ ಕಾಣ್ತವಲ್ಲ, ಅವು ಪೇಪರ್ ಕಂಡೆನ್ಸರ್. ನಮ್ಮ ನಾಲ್ಕು ತಿಂಗಳ ಮಳೆ ಎಷ್ಟೋ ವರ್ಷ ಕುಡಿದ ಪೇಪರ್ ಅದು, ಅಷ್ಟೂ ಲೀಕ್ ಅಂತಲೇ ತಿಳ್ಕೊಳ್ಳಿ. ಎಲ್ಲಾ ಬದಲಾಯಿಸಿ, 0.01, 0.02, 0.05 ಮೈಕ್ರೋಫ್ಯಾರಡ್ ಈ ತರದ ಬೆಲೆ ಇರ್ತವೆ, ಪಾಲಿಯೆಸ್ಟರ್ 400 ವೋಲ್ಟಿಂದು ಹಾಕಿದ್ರೆ ಸಾಕು, 0.05 ಸಿಗದಿದ್ರೆ 0.047 ನಡೀತದೆ. ಒಂದು ತೆಗೆದು ಒಂದು ಹಾಕಿ, ಎಲ್ಲಾ ಒಟ್ಟಿಗೆ ಕಿತ್ತರೆ ಯಾವುದು ಎಲ್ಲಿ ಅಂತ ಗೊತ್ತಾಗದೆ ತಲೆ ಕೆಡ್ತದೆ. ಸಮಯ ಇಲ್ಲ ಅಂದ್ರೂ 1ಎಸ್5ರ ಪ್ಲೇಟಿಂದ 3ಎಸ್4ರ ಗ್ರಿಡ್ಡಿಗೆ (ಸಿಗ್ನಲ್ ಒಳಗೆ ಹೋಗೋ ತುದಿಗೆ) ಹೋಗೋ ಕಪ್ಲಿಂಗ್ ಕಂಡೆನ್ಸರ್ ಒಂದನ್ನ ಬಿಡಲೇಬೇಡಿ, ಅದು ಲೀಕ್ ಆದ್ರೆ ಗ್ರಿಡ್ಡಿಗೆ ಪಾಸಿಟಿವ್ ಹೋಗಿ ಔಟ್‌ಪುಟ್ ವಾಲ್ವ್ ಜಾಸ್ತಿ ಕರೆಂಟ್ ಎಳೆದು ಸಾಯ್ತದೆ, ಬಿ ಬ್ಯಾಟರಿನೂ ಬೇಗ ಖಾಲಿ. ಎಲೆಕ್ಟ್ರೋಲೈಟಿಕ್ ಇದ್ರೆ ಅದೂ ಹೊಸದು. ರೆಸಿಸ್ಟರ್ ಅಳೆದು ನೋಡಿ, ಹಳೇ ಕಾರ್ಬನ್ ರೆಸಿಸ್ಟರ್ ತೇವಕ್ಕೆ ಬೆಲೆ ಏರ್ತಾ ಹೋಗ್ತದೆ, ಬರೆದದ್ದಕ್ಕಿಂತ ಶೇಕಡ 20ಕ್ಕಿಂತ ಮೇಲೆ ಹೋಗಿದ್ರೆ ತೆಗೀರಿ. ಐಎಫ್ ಟ್ರಾನ್ಸ್‌ಫಾರ್ಮರ್ ತಲೆಯ ಸ್ಕ್ರೂ ತಿರುಗಿಸೋಕೆ ಹೋಗಬೇಡಿ, ಸಿಗ್ನಲ್ ಜನರೇಟರ್ ಇಲ್ದೆ ಅದನ್ನ ಪುನಃ ಜಾಗಕ್ಕೆ ತರೋದು ಆಗದ ಮಾತು.

ಬಿಚ್ಚಿ ತೆಗೆದ ಹಳೇ ಕಂಡೆನ್ಸರುಗಳನ್ನ ಒಂದು ಡಬ್ಬಿಯಲ್ಲಿ ಹಾಕಿ ಸೆಟ್ಟಿನ ಹೆಸರು ಬರೆದಿಡಿ. ಮುಂದೆ ಯಾರಾದ್ರೂ ಆ ಸೆಟ್ಟಲ್ಲಿ ಮೊದಲು ಏನಿತ್ತು ಅಂತ ನೋಡ್ಬೇಕು ಅಂದ್ರೆ ಇರ್ಲಿ.

ಬ್ಯಾಟರಿ ಕಟ್ಟೋದು

90 ವೋಲ್ಟಿನ ಬ್ಯಾಟರಿ ಈಗ ಅಂಗಡಿಯಲ್ಲಿ ಸಿಗೋದಿಲ್ಲ, ನಾವೇ ಕಟ್ಕೋಬೇಕು. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಹತ್ತು ತಂದು ಒಂದರ ಪಾಸಿಟಿವ್ ಇನ್ನೊಂದರ ನೆಗೆಟಿವ್‌ಗೆ ಸಾಲಾಗಿ ಜೋಡಿಸಿದ್ರೆ 90 ಆಯ್ತು. 67.5ರ ಸೆಟ್ಟಿಗೆ ಏಳು ಸಾಕು, ಲೆಕ್ಕಕ್ಕೆ 63 ಆದ್ರೂ ಹೊಸ ಬ್ಯಾಟರಿ ಒಂಬತ್ತಕ್ಕಿಂತ ಸ್ವಲ್ಪ ಮೇಲೇ ಕೊಡ್ತದೆ. ಬಿ ಕಡೆಯಿಂದ ಸೆಟ್ ಎಳೆಯೋದು ಹತ್ತು ಮಿಲಿಆಂಪ್ ಆಸುಪಾಸು, ಹಂಗಾಗಿ ಆಲ್ಕಲೈನ್ ಹಾಕಿದ್ರೆ ದಿನಕ್ಕೆ ಒಂದು ತಾಸು ಕೇಳೋರಿಗೆ ಒಂದು ತಿಂಗಳಂತೂ ಬರ್ತದೆ. ಎ ಕಡೆಗೆ ದೊಡ್ಡ ಟಾರ್ಚ್ ಸೆಲ್ ಒಂದು ಅಥವಾ ಎರಡು ಪ್ಯಾರಲಲ್. ಮೂರು ವಾಲ್ವ್ ಐವತ್ತೈವತ್ತು, ಔಟ್‌ಪುಟ್ಟಿನದ್ದು ನೂರು, ಒಟ್ಟು 250 ಮಿಲಿಆಂಪ್, ಅದು ಬೇಗ ಮುಗಿಯೋದು. ಮೊದಲು ಹೇಳಿದ ಹಳೇ ರಟ್ಟಿನ ಪೆಟ್ಟಿಗೆ ಇದಕ್ಕೇ, ಅದರೊಳಗಿನ ಸತ್ತ ಸೆಲ್ ತೆಗೆದು ಹೊಸದನ್ನ ಕೂರಿಸಿ ಹಳೇ ಸಾಕೆಟ್ಟಿಗೇ ವಯರ್ ಕೊಟ್ರೆ ಮುಚ್ಚಳ ತೆಗೆದು ನೋಡಿದವರಿಗೆ ಒಳಗೆ 1955ರ ಬ್ಯಾಟರಿನೇ ಕೂತ ಹಂಗೆ ಕಾಣ್ತದೆ.

90 ವೋಲ್ಟ್ ಡಿಸಿ ಆಟದ ವಸ್ತು ಅಲ್ಲ, ಬೆವರಿದ ಕೈಗೆ ತಾಗಿದ್ರೆ ಜೋರು ಹೊಡೀತದೆ, ತುದಿಗಳನ್ನ ಟೇಪ್ ಸುತ್ತಿ ಮುಚ್ಚಿ. ಎ ಮತ್ತು ಬಿ ನೆಗೆಟಿವ್ ಎರಡನ್ನ ಹೊರಗೆ ಒಟ್ಟಿಗೆ ಸೇರಿಸಬೇಡಿ, ಎಷ್ಟೋ ಸೆಟ್ಟಲ್ಲಿ ಬಿ ನೆಗೆಟಿವ್ ಒಂದು ಬಯಾಸ್ ರೆಸಿಸ್ಟರ್ (ಗ್ರಿಡ್ಡಿಗೆ ಬೇಕಾದ ನೆಗೆಟಿವ್ ವೋಲ್ಟ್ ಕೊಡೋದು) ಮೂಲಕ ಚಾಸಿಗೆ ಹೋಗಿರ್ತದೆ, ಸೇರಿಸಿದ್ರೆ ಆ ರೆಸಿಸ್ಟರ್ ಶಾರ್ಟ್ ಆದ ಹಾಗೆ.

ಈಗ ನನ್ನ ಅನುಭವ. ಶುರುವಿನ ದಿನಗಳಲ್ಲಿ ಹೆಗಡೆಕಟ್ಟಾ ಕಡೆಯಿಂದ ಒಂದು ಸೆಟ್ ಸಿಕ್ಕಿತ್ತು, ನಾಲ್ಕೂ ವಾಲ್ವ್ ಒಳ್ಳೇದಿತ್ತು, ಕಂಡೆನ್ಸರ್ ಎಲ್ಲಾ ಬದಲಾಯಿಸಿ ಆಗಿತ್ತು, ರಾತ್ರಿ ಹನ್ನೊಂದು ಗಂಟೆ, ಬೆಳಿಗ್ಗೆವರೆಗೆ ಕಾಯೋ ಮನಸ್ಸಾಗ್ಲಿಲ್ಲ. ಎ ಯಾವ ವಯರು ಬಿ ಯಾವುದು ಅಂತ ಬಣ್ಣದ ಮೇಲೆ ಅಂದಾಜು ಮಾಡಿ ಜೋಡಿಸಿದೆ, ಅಂದಾಜು ತಪ್ಪಿತು, 90 ವೋಲ್ಟ್ ಫಿಲಮೆಂಟಿಗೆ ಹೋಯ್ತು. ನಾಲ್ಕೂ ವಾಲ್ವ್ ಒಂದು ಕ್ಷಣ ಬೆಳ್ಳಗೆ ಮಿಂಚಿ ಕತ್ತಲಾದವು. ಆ ಮನೆಯ ಅಜ್ಜಿ ಸೆಟ್ ಕೊಡೋವಾಗ, ಹಾಡ್ತಾ ಇದ್ರೆ ಒಮ್ಮೆ ತಂದು ಕೇಳಿಸು ತಮಾ ಅಂದಿದ್ರು. ಬೇರೆ ವಾಲ್ವ್ ಹೊಂದಿಸೋಕೆ ಎಂಟು ತಿಂಗಳು ಹಿಡೀತು, ಅಷ್ಟರಲ್ಲಿ ಅವರು ತೀರಿಕೊಂಡಿದ್ರು. ಈಗ ನಾನು ಹಗಲಲ್ಲೇ ಈ ಕೆಲಸ ಮಾಡೋದು, ಅದೂ ಈ ಕ್ರಮದಲ್ಲಿ.

ಮೊದಲು ವಾಲ್ವ್ ಎಲ್ಲಾ ಹೊರಗೆ. ಎ ಮಾತ್ರ ಜೋಡಿಸಿ ಸ್ವಿಚ್ ಆನ್ ಮಾಡಿ ಪ್ರತಿ ಸಾಕೆಟ್ಟಿನ ಫಿಲಮೆಂಟ್ ಪಿನ್ನಲ್ಲಿ ಎಷ್ಟು ವೋಲ್ಟ್ ಬರ್ತದೆ ಅಂತ ಮೀಟರಲ್ಲಿ ನೋಡಿ, ಒಂದೂವರೆಗಿಂತ ಮೇಲೆ ಹೋಗಬಾರ್ದು. ಫಿಲಮೆಂಟ್ ಸಾಲಾಗಿರೋ ಸೆಟ್ಟಿಗೆ ಈ ಲೆಕ್ಕ ಬೇರೆ, ಅದಕ್ಕೆ ಸರ್ಕಿಟ್ ಡಯಗ್ರಾಮ್ ಇಲ್ದೆ ಕೈ ಹಾಕಬೇಡಿ. ಆಮೇಲೆ ಬಿ ಜೋಡಿಸಿ, ಫಿಲಮೆಂಟ್ ಪಿನ್ನಲ್ಲಿ ಆ 90ರ ಸುಳಿವು ಇಲ್ಲ ಅಂತ ಪುನಃ ಖಾತ್ರಿ ಮಾಡ್ಕೊಳ್ಳಿ. ಎರಡೂ ಬಿಚ್ಚಿ ವಾಲ್ವ್ ಹಾಕಿ, ಬಿ ಪಾಸಿಟಿವ್ ದಾರಿಯಲ್ಲಿ 2.2 ಕಿಲೋ ಓಮ್, ಐದು ವ್ಯಾಟಿನ ರೆಸಿಸ್ಟರ್ ಒಂದನ್ನ ಸೇರಿಸಿ, ಆಗ ಎಂಥ ತಪ್ಪಾದ್ರೂ 41 ಮಿಲಿಆಂಪಿಗಿಂತ ಹೆಚ್ಚು ಹೋಗೋದಿಲ್ಲ, 50ರ ಫಿಲಮೆಂಟ್ ಉಳೀತದೆ. 96 ಸೀರೀಸ್ ಆದ್ರೆ 4.7 ಕಿಲೋ ಹಾಕಿ. ಸೆಟ್ ಸ್ವಲ್ಪ ಮೆಲ್ಲಗೆ ಹಾಡ್ತದೆ, ಪರವಾಗಿಲ್ಲ, ಅರ್ಧ ಗಂಟೆ ಸರಿ ನಡೆದ್ರೆ ರೆಸಿಸ್ಟರ್ ತೆಗೀರಿ. ಬೆರಳುಗುರಿಂದ ವಾಲ್ವಿಗೆ ತಾಗಿಸಿದ್ರೆ ಸ್ಪೀಕರಲ್ಲಿ ಟಿಣ್ ಅಂತ ಗಂಟೆ ಹೊಡೆದ ಹಾಗೆ ಬರ್ತದೆ, ಈ ವಾಲ್ವುಗಳ ಗುಣವೇ ಅದು, ಅದು ಬಂದ್ರೆ ಸೆಟ್ಟಿನ ಅರ್ಧ ಭಾಗ ಜೀವಂತ ಇದೆ ಅಂತ ಖುಷಿ ಪಡಬಹುದು.

ಏನು ಕೇಳ್ತದೆ

ಇದ್ರಲ್ಲಿ ಎಫ್‌ಎಂ ಬರೋದಿಲ್ಲ, ಕೊನೇ ವರ್ಷಗಳ ಕೆಲವು ಜರ್ಮನ್ ಸೆಟ್ ಬಿಟ್ರೆ. ಹಂಗಾಗಿ ಕಾರವಾರ ಆಕಾಶವಾಣಿ ಹುಡುಕಬೇಡಿ. ನಾನು ಮೊದಲು ಮುಳ್ಳು ತಿರುಗಿಸೋದು ಮೀಡಿಯಂ ವೇವಲ್ಲಿ ಧಾರವಾಡಕ್ಕೆ, 765 ಕಿಲೋಹರ್ಟ್ಸ್. 1950ರಲ್ಲಿ ಶುರುವಾದ ನಿಲಯ ಅದು, ಈ ಸೆಟ್ಟುಗಳು ಹೊಸದಿದ್ದಾಗ ನಮ್ಮ ಜಿಲ್ಲೆ ಕೇಳಿದ ಸ್ಟೇಷನ್ನು. ಲೂಪ್ ಆಂಟೆನಾಕ್ಕೆ ದಿಕ್ಕು ಮುಖ್ಯ, ಸೆಟ್ಟನ್ನೇ ಹಿಡಿಕೆ ಹಿಡಿದು ನಿಧಾನಕ್ಕೆ ತಿರುಗಿಸ್ತಾ ಹೋಗಿ, ಒಂದು ಕಡೆ ಜೋರಾಗ್ತದೆ, ಅಲ್ಲಿಂದ ಕಾಲು ಸುತ್ತು ತಿರುಗಿಸಿದ್ರೆ ಮಾಯ. ಮನೆ ಒಳಗಿನ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರ್ ಇವೆಲ್ಲ ಗರ್ ಅಂತ ಸದ್ದು ಹಾಕ್ತವೆ, ಅಂಗಳಕ್ಕೆ ತನ್ನಿ, ತೋಟಕ್ಕೆ ಒಯ್ಯಿರಿ, ಹಿಡಿಕೆ ಇರೋದೇ ಅದಕ್ಕಲ್ವಾ. ಒಂದು ಆಷಾಢದ ರಾತ್ರಿ ಅಜ್ಜನ ಮನೆಯಲ್ಲಿ ಮರ ಬಿದ್ದು ಇಡೀ ಸೀಮೆಗೆ ಕರೆಂಟ್ ಹೋಗಿತ್ತು, ಆವತ್ತು ಕೇಳಿದಷ್ಟು ಶುದ್ಧ ಸದ್ದು ಮತ್ತೆ ಯಾವತ್ತೂ ಕೇಳ್ಲಿಲ್ಲ, ಮಿಂಚಿದಾಗ ಒಂದು ಚಟ್, ಮತ್ತೆ ಬರೀ ಸ್ಟೇಷನ್ನು, ಎಲ್ಲಿಯದೋ ದೂರದ್ದು, ಭಾಷೆ ಗೊತ್ತಾಗ್ಲಿಲ್ಲ, ಎಲ್ಲರೂ ಸುಮ್ಮನೆ ಕೂತು ಕೇಳಿದ್ವಿ.

ಮಳೆಗಾಲ ಬಂದಾಗ

ಜೂನ್ ಮೊದಲ ಮಳೆ ಬೀಳೋದ್ರೊಳಗೆ ಬ್ಯಾಟರಿ ಎರಡೂ ಹೊರಗೆ ತೆಗೀರಿ, ಒಂದು ಮಳೆಗಾಲ ಒಳಗೆ ಬಿಟ್ಟ ಸೆಲ್ ಸೋರದೆ ಉಳಿಯೋದಿಲ್ಲ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡೋದು ತಪ್ಪು, ಒಳಗಿನ ತೇವ ಅಲ್ಲೇ ನಿಂತು ಬೂಷ್ಟು ಹಿಡೀತದೆ. ನಾನು ಕಬ್ಬಿಣದ ಟ್ರಂಕಲ್ಲಿ ಹಳೇ ಪಂಚೆ ಸುತ್ತಿ ಇಡ್ತೇನೆ, ಮೂಲೆಗಳಲ್ಲಿ ಸಿಲಿಕಾ ಜೆಲ್ ಚೀಲ, ಬಣ್ಣ ತಿರುಗಿದ ಮೇಲೆ ಬಾಣಲೆಯಲ್ಲಿ ಬಿಸಿ ಮಾಡಿ ಪುನಃ ಹಾಕೋದು. ನುಸಿಗುಳಿಗೆ ಹಾಕಬೇಡಿ, ಪಾಲಿಸ್ಟೈರೀನ್ ಪೆಟ್ಟಿಗೆ ಇದ್ರೆ ಆ ಗುಳಿಗೆ ತಾಗಿದ ಜಾಗ ಮೆತ್ತಗಾಗಿ ಕಲೆ ಉಳೀತದೆ. ಟ್ರಂಕನ್ನ ನೆಲಕ್ಕೆ ಇಡದೆ ಎರಡು ಹಲಗೆ ಕೊಟ್ಟು ಗೋಡೆಯಿಂದ ಒಂದು ಗೇಣು ದೂರ, ಒರಲೆ ಬಂದ್ರೆ ಕಾಣ್ಬೇಕಲ್ಲ. ಆಗಸ್ಟಲ್ಲಿ ಎರಡು ದಿನ ಮಳೆ ಬಿಟ್ಟು ಬಿಸಿಲು ಬಿದ್ರೆ ಮುಚ್ಚಳ ತೆಗೆದು ಗಾಳಿಗಿಡಿ, ಸಂಜೆ ನಾಲ್ಕರೊಳಗೆ ಪುನಃ ಮುಚ್ಚಿ. ನವರಾತ್ರಿ ಹೊತ್ತಿಗೆ ಹೊರಗೆ ತೆಗೆದು, ಅವತ್ತೇ ಬ್ಯಾಟರಿ ಹಾಕದೆ ನಾಲ್ಕು ದಿನ ಕೋಣೆಯಲ್ಲಿ ಸುಮ್ಮನೆ ಇಟ್ಟು, ಐದನೇ ದಿನ ಆ 2.2 ಕಿಲೋ ರೆಸಿಸ್ಟರ್ ಹಾಕಿಯೇ ಶುರು ಮಾಡಿ.